ಕಾಳಿಗೆ ಎರಡು ಕಂಡುಗ ಮಣ್ಣು

ಚೆನ್ನೈನಿಂದ ಪಶ್ಚಿಮಕ್ಕೆ 70-80 ಕಿಲೋಮೀಟರ್ ಹೋದರೆ, ಅರಕ್ಕೋಣಂ ಹತ್ತಿರ ತಕ್ಕೋಲಂ ಎಂಬ ಸಣ್ಣ ಊರು ಸಿಗುತ್ತದೆ. ಅರಕ್ಕೋಣಂ–ಚೆಂಗಲ್ಪಟ್ಟು ಮಾರ್ಗದಲ್ಲಿ ಅದಕ್ಕೊಂದು ರೈಲು ನಿಲ್ದಾಣವಿದೆ. ಜಲನಾಥೇಶ್ವರನ ಹಳೆಯ ದೇವಸ್ಥಾನವಿದೆ. ಕ್ರಿ.ಶ. 949ರಲ್ಲಿ ಇಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಅವನ ಸೋದರಿಯ ಗಂಡ, ಗಂಗರ ಇಮ್ಮಡಿ ಬೂತುಗ ಸೇರಿ ಚೋಳರ ಸೈನ್ಯವನ್ನು ಮುರಿದರು. ಚೋಳ ಪರಾಂತಕನ ಮಗ ರಾಜಾದಿತ್ಯ ಆನೆಯ ಮೇಲೆ ಕೂತಂತೆಯೇ ಪ್ರಾಣ ಬಿಟ್ಟ. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ಕರೆಯುತ್ತವೆ. 2025ರಲ್ಲಿ ತಕ್ಕೋಲಂನಲ್ಲಿರುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ತರಬೇತಿ ಕೇಂದ್ರಕ್ಕೆ ಅವನ ಹೆಸರನ್ನೇ ಇಡಲಾಯಿತು. ಸೋತ ರಾಜಕುಮಾರನನ್ನು ಅವನ ನಾಡು ಮರೆತಿಲ್ಲ.

ಗೆದ್ದವರ ಕಡೆಯ ನೆನಪು ಎಲ್ಲಿದೆ ಎಂದು ಹುಡುಕಿದರೆ ನಾವು 300 ಕಿಲೋಮೀಟರಿಗೂ ಹೆಚ್ಚು ದೂರ ಬಂದು, ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರನ್ನು ತಲುಪುತ್ತೇವೆ. ಆ ಯುದ್ಧದ ವಿವರ ಇರುವುದು ಆ ಊರಿನ ಒಂದು ವೀರಗಲ್ಲಿನ ಮೇಲೆ. ಕಲ್ಲನ್ನು ನೆಟ್ಟದ್ದು ಮಾತ್ರ ಯಾವ ದೊರೆಗೂ ಅಲ್ಲ, ಯಾವ ಸೈನಿಕನಿಗೂ ಅಲ್ಲ. ಅದು ಕಾಳಿ ಎಂಬ ನಾಯಿಯ ಸ್ಮಾರಕ. ಕಲ್ಲಿನ ಮೇಲೆ ನಾಯಿಯೂ ಕಾಡುಹಂದಿಯೂ ಎದುರುಬದುರಾಗಿ ಕಾದಾಡುವ ಚಿತ್ರವಿದೆ. ಸುತ್ತ ಹಳಗನ್ನಡದ ಬರಹ. ಕಾಲ ಶಕ 872, ಸೌಮ್ಯ ಸಂವತ್ಸರ.

ಶಾಸನ ಹೇಳುವ ಕಥೆ ಚಿಕ್ಕದು. ಮಣಲೆರ ಎಂಬವನು ಬೂತುಗನ ಆಳು, ಸಗರ ವಂಶದವನು. ವಲಭಿಪುರದ ಒಡೆಯನೆಂಬ ಬಿರುದು ಅವನದು. ತಕ್ಕೋಲದಲ್ಲಿ ಅವನು ಮುಂದೆ ನಿಂತು ಹೋರಾಡಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿಯನ್ನು. ಯುದ್ಧ ಮುಗಿದು ನಾಡಿಗೆ ಮರಳಿದ ಮೇಲೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಕಲ್ಲುಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆಮೇಲೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನೆಟ್ಟರು.

ಗುಡ್ಡಕ್ಕೆ ಶಾಸನ ಬಳಸುವ ಪದ ಮೊರಡಿ. ಮದ್ದೂರಿನಿಂದ ರಾಮನಗರದವರೆಗಿನ ಬಯಲನ್ನು ರೈಲಿನ ಕಿಟಕಿಯಿಂದ ನೋಡಿದವರಿಗೆ ಮೊರಡಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬಂಡೆ, ಮುಳ್ಳುಪೊದೆ, ನಡುವೆ ಒಂದು ಕಾಲುದಾರಿ. ಒಂದು ಬೆಳಗಿನಲ್ಲಿ ಹತ್ತಿ ಇಳಿಯಬಹುದಾದ ಎತ್ತರ.

ನಾಯಿಯ ಜೊತೆ ಬೆಟ್ಟ ಹತ್ತುವ ಕಥೆ ಎಂದರೆ ನಮಗೆ ಮೊದಲು ನೆನಪಾಗುವವನು ಧರ್ಮರಾಯ. ಮಹಾಪ್ರಸ್ಥಾನದಲ್ಲಿ ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಕೊನೆಯವರೆಗೆ ಹಿಂಬಾಲಿಸಿದ್ದು ನಾಯಿ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದು ಅವನು ಹಟ ಹಿಡಿದ. ಆದರೆ ಅಲ್ಲಿ ನಾಯಿ ಎನ್ನುವುದು ಧರ್ಮದೇವತೆಯ ವೇಷ, ಮನುಷ್ಯನಿಗಿಟ್ಟ ಪರೀಕ್ಷೆ. ಕಾಳಿ ಯಾರ ವೇಷವೂ ಅಲ್ಲ. ಬಿಟ್ಟ ಕಡೆ ಓಡಿತು, ಸತ್ತಿತು. ಪರೀಕ್ಷೆ ಇದ್ದರೆ ಅದು ಶುರುವಾದದ್ದು ನಾಯಿ ಸತ್ತ ಮೇಲೆ, ಹಂದಿಯ ಮೇಲೆ ಬಿಟ್ಟವರಿಗೆ.

ಅದನ್ನು ಅವರು ಹೇಗೆ ಎದುರಿಸಿದರು ಎನ್ನುವುದು ಈ ಶಾಸನದ ಕೊಡುಗೆಗಳ ಪಟ್ಟಿಯಲ್ಲಿದೆ. ಅಂದಿನ ಯುದ್ಧಗಳಿಗೆ ಒಂದು ಲೆಕ್ಕಾಚಾರವಿತ್ತು. ರಾಜಾದಿತ್ಯನನ್ನು ಕೊಂದದ್ದಕ್ಕೆ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸಿಕ್ಕವು. ಮಣಲೆರನಿಗೆ ಬೂತುಗ ಆತಕೂರು 12ನ್ನೂ ಬೆಳ್ವೊಲದ ಒಂದು ಹಳ್ಳಿಯನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ವೀರನ ಕತ್ತಿ ತೊಳೆದು ಕೊಡುವ ಭೂಮಿ. ಕಾದಾಡಿ ಸತ್ತವರ ಮನೆಯವರಿಗಾದರೆ ನೆತ್ತರುಗೊಡಗೆ. ರಕ್ತಕ್ಕೆ ಮಣ್ಣು ಕೊಡುವುದು ಆಗಿನ ನ್ಯಾಯ.

ಆತಕೂರಿನವರು ಈ ನ್ಯಾಯವನ್ನು ನಾಯಿಗೂ ಅನ್ವಯಿಸಿದರು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಬೀಜ ಬಿತ್ತುವಷ್ಟು ಭೂಮಿಯನ್ನು ಕಾಳಿಯ ಕಲ್ಲಿಗಾಗಿ ಬಿಟ್ಟರು. ಕೆರೆಯ ಕೆಳಗಿನ ಮಣ್ಣು ಎಂದರೆ ನೀರು ಹಾಯುವ ಗದ್ದೆ. ಬರಡು ನೆಲವನ್ನು ಕೊಟ್ಟು ಕೈತೊಳೆದುಕೊಂಡದ್ದಲ್ಲ. ಆದರೆ ನಾಯಿಗೆ ವಾರಸುದಾರರಿಲ್ಲ. ಭೂಮಿಯ ಆದಾಯ ಯಾರಿಗೆ? ಅದನ್ನು ಕಲ್ಲಿನ ಪೂಜೆಗೆ ಕಟ್ಟಿದರು. ದೇವಾಲಯದ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣುವಂತಿಲ್ಲ. ಉಂಡರೆ, ಅಥವಾ ಆ ಭೂಮಿಯನ್ನು ಯಾರಾದರೂ ಕೆಡಿಸಿದರೆ, ಅವರಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ. ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವುದು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಮಾತು. ಇಲ್ಲಿ ಕಾಶಿ ಇಲ್ಲ, ಗೋವಿಲ್ಲ. ಪಾಪಪುಣ್ಯದ ಖಾತೆಯನ್ನು ಕಾಳಿಯ ಹೆಸರಿನಲ್ಲೇ ತೆರೆದಿದ್ದಾರೆ.

ನಾಯಿಯನ್ನು ಹೆಸರು ಹಿಡಿದು ನೆನೆಯುವುದು ಕನ್ನಡನಾಡಿನದೊಂದೇ ಗುಣವೂ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಆತಕೂರಿಗಿಂತ ಮುನ್ನೂರು ವರ್ಷಗಳಷ್ಟು ಹಳೆಯ ಒಂದು ವೀರಗಲ್ಲಿದೆ. ದನಗಳ್ಳರನ್ನು ಎದುರಿಸಿ ಸತ್ತ ಕರುಂದೇವಕ್ಕತ್ತಿಯ ಪಕ್ಕದಲ್ಲಿ ಅವನ ನಾಯಿ ನಿಂತಿದೆ. ಅದರ ಹೆಸರು ಕೋವಿವನ್. ಕಳ್ಳರನ್ನು ಕಚ್ಚಿ ಕಾದಿತೆಂದು ಕಲ್ಲೇ ಹೇಳುತ್ತದೆ. ತಕ್ಕೋಲದಲ್ಲಿ ಒಬ್ಬರನ್ನೊಬ್ಬರು ಕೊಂದ ಎರಡು ನಾಡಿನವರೂ ಈ ಒಂದು ವಿಷಯದಲ್ಲಿ ಒಂದೇ ಮನಸ್ಸಿನವರು. ತಕ್ಕೋಲವನ್ನು ಕನ್ನಡಿಗರು ತಮಿಳರನ್ನು ಗೆದ್ದ ಕಥೆಯಾಗಿ ಹೇಳುವವರು ಎಡುತ್ತನೂರನ್ನೂ ಒಮ್ಮೆ ನೆನೆಯಬೇಕು.

ಗೆಲುವಿನ ಆಯುಷ್ಯವೂ ದೊಡ್ಡದಾಗಿರಲಿಲ್ಲ. 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. 985ರಲ್ಲಿ ತಂಜಾವೂರಿನಲ್ಲಿ ರಾಜರಾಜ ಚೋಳ ಪಟ್ಟಕ್ಕೆ ಬಂದ. ಹನ್ನೊಂದನೆಯ ಶತಮಾನದ ಆರಂಭದಲ್ಲೇ ಗಂಗರ ತಲಕಾಡು ಚೋಳರ ವಶವಾಯಿತು. ಬೂತುಗ ಗಳಿಸಿದ ಸಾವಿರ-ನೂರುಗಳ ನಾಡುಗಳೆಲ್ಲ ಕೈಬದಲಾದವು. ಎರಡು ಕಂಡುಗ ಮಣ್ಣಿನ ಮಾತು ಮಾತ್ರ ಕಲ್ಲಿನಲ್ಲಿ ಹಾಗೇ ಇದೆ.

ಕಲ್ಲು ಈಗ ಆತಕೂರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಊರುಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಯಾಗಿ, ಮೋರಿಯ ಮುಚ್ಚಳವಾಗಿ ಸವೆದುಹೋದದ್ದನ್ನು ನೋಡಿದವರು ಇದು ಉಳಿಯಿತಲ್ಲ ಎಂದು ಸಮಾಧಾನಪಡುತ್ತಾರೆ. ಅದು ಸರಿಯೇ. ಆದರೆ ಕಲ್ಲು ಹೇಳಿದ್ದು ತನ್ನನ್ನು ಜೋಪಾನ ಮಾಡಿ ಎಂದಷ್ಟೇ ಅಲ್ಲ. ಉಣ್ಣುವ ಮೊದಲು ನೆನೆಯಿರಿ ಎಂದು ಅದು ಹೇಳಿತ್ತು. ಮನುಷ್ಯನ ಖುಷಿಗಾಗಿ ಗುಡ್ಡ ಹತ್ತಿದ ಪ್ರಾಣಿ ಮರಳಿ ಬರದಿದ್ದರೆ ಕರೆದೊಯ್ದವನ ಮೇಲೆ ಸಾಲ ಉಳಿಯುತ್ತದೆ, ಅದನ್ನು ದಿನವೂ ಒಂದಿಷ್ಟು ತೀರಿಸಬೇಕು ಎಂಬುದು ಆತಕೂರಿನವರ ತಿಳಿವಳಿಕೆ. ವಸ್ತುಸಂಗ್ರಹಾಲಯದಲ್ಲಿ ಪೂಜೆ ಬೇಕಿಲ್ಲ. ಮುಂದಿನ ಸಲ ಅಲ್ಲಿಗೆ ಹೋದಾಗ ದೊರೆಗಳ ಹೆಸರಿನ ಜೊತೆಗೆ ನಾಯಿಯ ಹೆಸರನ್ನೂ ಮಕ್ಕಳಿಗೆ ಹೇಳಿ. ಊಟಕ್ಕೆ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು.