ಹರೆಯದವರಿಗೆ ಪದೇ ಪದೇ ಮೂತ್ರ: ‘ಉಷ್ಣ’ ಅಂತ ಸುಮ್ಮನಿದ್ದರೆ ಅಪಾಯ

ಕಾಲೇಜಿಗೆ ಹೋಗೋ ಹುಡುಗ ಗಂಟೆಗೊಮ್ಮೆ ಮೂತ್ರಕ್ಕೆ ಏಳ್ತಾನೆ, ರಾತ್ರಿಯೂ ಮೂರ್ನಾಲ್ಕು ಸಲ ನಿದ್ದೆಗೆಡ್ತಾನೆ ಅಂದರೆ ಮನೆಯಲ್ಲಿ ಬರುವ ಮಾತು ಒಂದೇ: ‘ಉಷ್ಣ ಆಗಿದೆ, ಎಳನೀರು ಕುಡಿ’. ಬಿಸಿಲಲ್ಲಿ ಓಡಾಡಿ, ನೀರು ಸಾಲದೆ ಮೂತ್ರ ಗಾಢ ಹಳದಿಯಾಗಿ ಉರಿ ಬಂದಿದ್ದರೆ ಅದು ಸರಿಯೇ. ಆದರೆ ಎಲ್ಲ ಸಲವೂ ಕಾರಣ ಅಷ್ಟು ಸರಳವಾಗಿರಲ್ಲ.

ದಿನಕ್ಕೆ 6ರಿಂದ 8 ಸಲ, ರಾತ್ರಿ ಹೆಚ್ಚೆಂದರೆ ಒಂದು ಸಲ ಹೋಗುವುದು ಸಾಮಾನ್ಯ. ಅದಕ್ಕಿಂತ ಜಾಸ್ತಿಯಾದರೆ ಮೊದಲು ನೋಡಬೇಕಾದದ್ದು ಎಷ್ಟು ಸಲ ಅನ್ನೋದಲ್ಲ, ಪ್ರತಿ ಸಲ ಎಷ್ಟು ಹೋಗುತ್ತೆ ಅನ್ನೋದು.

ಪ್ರತಿ ಸಲವೂ ಧಾರಾಳವಾಗಿ ಹೋಗ್ತಿದೆ, ಜೊತೆಗೆ ತಡೆಯಲಾಗದ ಬಾಯಾರಿಕೆ, ಊಟ ಮಾಡಿದರೂ ತೂಕ ಇಳೀತಿದೆ, ಸುಸ್ತು ಎಂದರೆ ಮೊದಲ ಅನುಮಾನ ಸಕ್ಕರೆ ಕಾಯಿಲೆ ಮೇಲೆ. ‘ಈ ವಯಸ್ಸಿಗೆ ಶುಗರ್ರಾ?’ ಅನ್ನಬೇಡಿ. ಟೈಪ್ 1 ಮಧುಮೇಹ ಮಕ್ಕಳಿಗೆ, ಹದಿಹರೆಯದವರಿಗೇ ಹೆಚ್ಚು ಬರುವಂಥದ್ದು. ಅಪ್ಪ ಅಮ್ಮನಿಗೆ ಇರಬೇಕೆಂದೇನಿಲ್ಲ, ಹುಡುಗ ದಪ್ಪ ಇರಬೇಕೆಂದೂ ಇಲ್ಲ. ದೇಹದಲ್ಲಿ ಇನ್ಸುಲಿನ್ ನಿಂತುಹೋಗಿ ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ ದಾಟಿದಾಗ ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುತ್ತದೆ, ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದೊಯ್ಯುತ್ತದೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದೂ ಇದಕ್ಕೇ. ಇರುವೆ ಬಂದಿಲ್ಲ ಅಂತ ಧೈರ್ಯ ತಂದುಕೊಳ್ಳುವ ಹಾಗೂ ಇಲ್ಲ.

ಇಂಥ ಹೊತ್ತಲ್ಲಿ ತಂಪಾಗಲಿ ಅಂತ ಗ್ಲೂಕೋಸ್ ಪುಡಿ, ಶರಬತ್ತು, ಜ್ಯೂಸ್ ಕುಡಿಸಿದರೆ ಸಕ್ಕರೆ ಇನ್ನೂ ಏರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ, ಮಂಪರು ಕಂಡರೆ ಅದು ತುರ್ತು ಸ್ಥಿತಿ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಬೇಕು. ಅಷ್ಟು ದೂರ ಹೋಗುವ ಮುಂಚೆಯೇ ಬೆರಳು ಚುಚ್ಚಿ ಮಾಡುವ ಪರೀಕ್ಷೆ ಸಾಕು. ಖಾಲಿ ಹೊಟ್ಟೆಯಲ್ಲಿ 126, ಬೇರೆ ಯಾವ ಹೊತ್ತಲ್ಲಾದರೂ 200 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಸರ್ಕಾರದ ಬಿಪಿ-ಶುಗರ್ ತಪಾಸಣೆ ಇರುವುದು 30 ವರ್ಷ ಮೇಲ್ಪಟ್ಟವರಿಗೆ. ಹದಿನಾರರ ಹುಡುಗನನ್ನು ಹುಡುಕಿಕೊಂಡು ಯಾರೂ ಬರಲ್ಲ, ಮನೆಯವರೇ ಕೇಳಿ ಮಾಡಿಸಬೇಕು.

ಶುಗರ್ ಸರಿಯಾಗಿದ್ದೂ ನೀರಿನಂಥ ಮೂತ್ರ ದಿನಕ್ಕೆ 3 ಲೀಟರ್ ದಾಟಿದರೆ ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಅಪರೂಪದ ಹಾರ್ಮೋನ್ ತೊಂದರೆಯೂ ಇರಬಹುದು. ಹೆಸರಲ್ಲಿ ಡಯಾಬಿಟಿಸ್ ಇದ್ದರೂ ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ. ಇವರಿಗೆ ನೀರು ಬಿಡಿಸುವುದು ಅಪಾಯ.

ಸ್ವಲ್ಪ ಸ್ವಲ್ಪವೇ ಹೋಗಿ, ಮತ್ತೆ ಮತ್ತೆ ಅವಸರವಾಗುತ್ತಿದ್ದರೆ ಲೆಕ್ಕ ಬೇರೆ. ಉರಿ, ಕೆಟ್ಟ ವಾಸನೆ, ಕೆಳಹೊಟ್ಟೆ ನೋವಿದ್ದರೆ ಸೋಂಕು. ಹೆಣ್ಣುಮಕ್ಕಳಲ್ಲಿ ಇದೇ ಹೆಚ್ಚು. ಶೌಚಾಲಯವಿಲ್ಲದ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ಕೆಲಸ ಮಾಡುವ ಹುಡುಗಿಯರು ನೀರೇ ಕುಡಿಯದೆ, ಮೂತ್ರ ತಡೆದುಕೊಂಡಿರುವುದು ಇದಕ್ಕೆ ದಾರಿ ಮಾಡುತ್ತದೆ. ಮಾಲೀಕರು ಈ ಬಗ್ಗೆ ಸ್ವಲ್ಪ ಯೋಚಿಸಬೇಕು. ಮದುವೆಯಾದ ಹೆಣ್ಣುಮಕ್ಕಳಲ್ಲಿ ಗರ್ಭ ನಿಂತಿರುವುದೂ ಕಾರಣವಿರಬಹುದು. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವಿದ್ದರೆ ಕಲ್ಲು. ಏನೂ ನೋವಿಲ್ಲದಿದ್ದರೆ ದಿನಕ್ಕೆ ಎಂಟ್ಹತ್ತು ಟೀ, ಎನರ್ಜಿ ಡ್ರಿಂಕ್, ಪರೀಕ್ಷೆಯ ಗಾಬರಿ, ಚಿಕ್ಕ ಮಕ್ಕಳಲ್ಲಾದರೆ ಮಲಬದ್ಧತೆ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಎರಡು ದಿನದ ಆಂಟಿಬಯೋಟಿಕ್ ನುಂಗಿ ಆಮೇಲೆ ಲ್ಯಾಬಿಗೆ ಹೋದರೆ ರೋಗಾಣು ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಮೂತ್ರ ಕೊಟ್ಟ ಮೇಲೆ ಮಾತ್ರೆ ಶುರು ಮಾಡಬೇಕು. ಮೂತ್ರದಲ್ಲಿ ಕೀವು ಕಣಗಳಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಾತ್ರೆಗೂ ಬಗ್ಗದೆ ತಿಂಗಳುಗಟ್ಟಲೆ ಎಳೆದರೆ ಮೂತ್ರಾಂಗದ ಕ್ಷಯವಿದೆಯೇ ಎಂದು ಡಾಕ್ಟರ್ ನೋಡುತ್ತಾರೆ.

ಆಸ್ಪತ್ರೆಗೆ ಹೋಗುವಾಗ ಮೂರು ದಿನದ ಲೆಕ್ಕ ಬರೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ: ಎಷ್ಟು ಗಂಟೆಗೆ ಹೋದದ್ದು, ಅಳತೆಯ ಡಬ್ಬಿಯಲ್ಲಿ ಎಷ್ಟು ಮಿ.ಲೀ., ಏನು ಕುಡಿದದ್ದು. ತುರ್ತು ಲಕ್ಷಣ ಇದ್ದವರು ಮಾತ್ರ ಈ ಲೆಕ್ಕಕ್ಕೆ ಕೂರಬಾರದು.