ಸದ್ಧರ್ಮ ನ್ಯಾಯಪೀಠ
ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಜಗದ್ಗುರು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ವ್ಯಾಜ್ಯ ಪರಿಹಾರ ಸಭೆ. ಹೊಳಲ್ಕೆರೆ, ಹೊಸದುರ್ಗ ಕಡೆಯವರೂ ಹೊಲದ ಬದು, ದಾಯಾದಿ ಪಾಲು, ಗಂಡ-ಹೆಂಡಿರ ಮನಸ್ತಾಪ ಹೊತ್ತು ಬರುತ್ತಾರೆ. ದೂರು ಬರಹದಲ್ಲಿ ದಾಖಲಾಗುತ್ತದೆ, ಎದುರು ಪಕ್ಷಕ್ಕೆ ಕರೆ ಹೋಗುತ್ತದೆ. 1979ರಲ್ಲಿ ಪೀಠವೇರಿದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಇಬ್ಬರನ್ನೂ ಎದುರಿಗಿಟ್ಟುಕೊಂಡು ವಿಚಾರಿಸುತ್ತಾರೆ. ಇಲ್ಲಿ ವಕೀಲರ ವಾದಕ್ಕಿಂತ, ಗುರುವಿನ ಮುಂದೆ ಸುಳ್ಳಾಡಬಾರದೆಂಬ ಅಳುಕೇ ಹೆಚ್ಚು ಕೆಲಸ ಮಾಡುತ್ತದೆ. ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ಇಬ್ಬರೂ ಒಪ್ಪಿದರಷ್ಟೇ ಅದು ನಿಲ್ಲುತ್ತದೆ. ಹಿರಿಯೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಇಂಥದೇ ಕೆಲಸ ಕಟ್ಟೆಮನೆಯದು. ಗೌಡ, ಪೂಜಾರಿ, ಯಜಮಾನರು ಕೂತು ತಪ್ಪಿತಸ್ಥನಿಗೆ ದಂಡ ಹಾಕಿ, ಕುಲದೊಳಗೇ ಉಳಿಸಿಕೊಳ್ಳುವುದು ರೂಢಿ. ಆ ಕಟ್ಟೆಯ ಮೇಲೆ ಹೆಣ್ಣುಮಕ್ಕಳಿಗೆ ಮಾತ್ರ ಜಾಗ ಕಡಿಮೆ.