ಚಾಳೀಸಿನ ಆಚೆಗೊಂದು ಕಣ್ಣಿನ ಕಥೆ

ನಲವತ್ತು ದಾಟಿದವರು ಪತ್ರಿಕೆಯನ್ನು ತೋಳುದ್ದ ಹಿಡಿದು ಓದತೊಡಗಿದರೆ ನಮ್ಮ ಕಡೆ ‘ಚಾಳೀಸು ಬಂತು’ ಎನ್ನುವುದು ವಾಡಿಕೆ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಿಸಿಕೊಂಡ ಔರಂಗಾಬಾದಿನ ಚಿಕಲಠಾಣಾದಲ್ಲಿ, ಕಾರಖಾನೆಯಲ್ಲಿ ಜೊತೆಗೆ ದುಡಿಯುವ ಮರಾಠಿ ಗೆಳೆಯನೂ ಆ ಕನ್ನಡಕವನ್ನು ‘ಚಾಳಿಶಿ’ ಎಂದೇ ಕರೆಯುತ್ತಾನೆ. ಎರಡು ಮಾತಿನ ಮೂಲವೂ ನಲವತ್ತೆಂಬ ಎಣಿಕೆಯೇ.

ಆದರೆ ಚಾಳೀಸೆಂಬುದು ಹತ್ತಿರದ ಅಕ್ಷರದ ತೊಂದರೆ. ಕಣ್ಣಿನ ಮಸೂರ ಬಿರುಸಾಗುವುದರಿಂದ ಬರುವಂಥದು; ಕನ್ನಡಕದಿಂದ ನೀಗುತ್ತದೆ. ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಸದ್ದಿಲ್ಲದೆ ಮೊದಲಾಗುವ ಮತ್ತೊಂದು ಕೊರತೆಗೆ ನಮ್ಮಲ್ಲಿ ಹೆಸರೇ ಇಲ್ಲ. ಮಸುಕಿನೊಳಗಿನ ಮಸುಕನ್ನು ಬೇರ್ಪಡಿಸಿ ಕಾಣುವ ಶಕ್ತಿ ಕುಗ್ಗುವುದೇ ಅದು. ಮುಸ್ಸಂಜೆಯಲ್ಲಿ ಡಾಂಬರು ರಸ್ತೆಗೆ ಅಡ್ಡ ಬಂದ ಎಮ್ಮೆ ತೀರ ಹತ್ತಿರವಾಗುವ ತನಕ ಕಾಣಿಸದೆ ಹೋಗುವುದಲ್ಲವೆ, ಅದು.

ಇದನ್ನು ಅಳೆಯಲು ಹೊರಟ ಮೊದಲಿಗರಲ್ಲಿ ಫ್ರಾನ್ಸಿನ ಪಿಯರ್ ಬೂಗೆ ಒಬ್ಬ. ಆತನ ಗ್ರಂಥ ಅಚ್ಚಾದದ್ದು ಅವನು ತೀರಿದ ಮೇಲೆ, 1760ರಲ್ಲಿ. ಬಳಸಿದ ಸಾಮಗ್ರಿ ಎರಡು ಮೇಣದಬತ್ತಿ, ಒಂದು ಕೋಲು, ಒಂದು ಬಿಳಿಯ ಪರದೆ. ಒಂದು ಬತ್ತಿ ಪರದೆಯ ಹತ್ತಿರ. ಇನ್ನೊಂದರ ಬೆಳಕಿಗೆ ಕೋಲಿನ ನೆರಳು ಪರದೆಯ ಮೇಲೆ ಬೀಳುತ್ತದೆ. ಆ ಎರಡನೆಯದನ್ನು ಹಿಂದೆ ಹಿಂದೆ ಸರಿಸುತ್ತ ಹೋದ. ಮೊದಲನೆಯದಕ್ಕಿಂತ ಎಂಟು ಪಟ್ಟು ದೂರ ಹೋದಾಗ ನೆರಳು ಕಣ್ಣಿಗೆ ಇಲ್ಲವಾಯಿತು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಅರವತ್ನಾಲ್ಕರಲ್ಲಿ ಒಂದು ಪಾಲು ವ್ಯತ್ಯಾಸವೇ ಕಣ್ಣು ಗುರುತಿಸಬಲ್ಲ ಎಲ್ಲೆ ಎಂದು ಲೆಕ್ಕ ಹಾಕಿದ. ಇಷ್ಟು ಅಗ್ಗದ ಪ್ರಯೋಗಶಾಲೆಯನ್ನು ಇಂದು ಯಾರು ಒಪ್ಪುತ್ತಾರೋ!

1862ರಲ್ಲಿ ಹಾಲೆಂಡಿನ ಸ್ನೆಲೆನ್ ತನ್ನ ಅಕ್ಷರಪಟ್ಟಿ ಹೊರತಂದ ಮೇಲೆ ವೈದ್ಯರ ಗೋಡೆಯನ್ನು ಅದೇ ಆಳಿತು. ಅಚ್ಚ ಬಿಳುಪಿನ ಮೇಲೆ ಕಡುಗಪ್ಪು ಅಕ್ಷರ. ಮಸುಕಿನ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ನಮ್ಮ ದೇಶದ 1989ರ ಮೋಟಾರು ವಾಹನ ನಿಯಮಗಳ ನಮೂನೆಯೂ ಚಾಲಕನನ್ನು ಕೇಳಿದ್ದು, 25 ಮೀಟರು ದೂರದ ನಂಬರ್ ಪ್ಲೇಟನ್ನು ‘ಒಳ್ಳೆಯ ಹಗಲು ಬೆಳಕಿನಲ್ಲಿ’ ಗುರುತಿಸಬಲ್ಲೆಯಾ ಎಂದು. ಪಾಳಿ ಮುಗಿಸಿ ಕತ್ತಲಲ್ಲಿ ಜಾಲನಾ ರಸ್ತೆ ಹಿಡಿಯುವವನಿಗೆ ಈ ಪ್ರಶ್ನೆ ಎಷ್ಟರ ಮಟ್ಟಿಗೆ ಸಾಕು?

ಕೇಂಬ್ರಿಜ್‌ನ ಕ್ಯಾಂಪ್‌ಬೆಲ್ ಮತ್ತು ರಾಬ್ಸನ್ 1968ರಲ್ಲಿ ಮಸುಕು ಪಟ್ಟೆಗಳನ್ನು ತೋರಿಸಿ ದೃಷ್ಟಿಯ ಈ ಮುಖವನ್ನು ಕೂಲಂಕಷವಾಗಿ ಅಳೆದರು. ಸಣ್ಣ ಪಟ್ಟೆಗಳನ್ನು ಕಾಣುವ ಶಕ್ತಿ ನಲವತ್ತು ಐವತ್ತರ ಸುಮಾರಿಗೇ ಇಳಿಯತೊಡಗುವುದೆಂದು 1983ರ ಅಧ್ಯಯನವೊಂದು ತೋರಿಸಿತು. 1988ರಲ್ಲಿ ಬಂದ ಪೆಲ್ಲಿ–ರಾಬ್ಸನ್ ಪಟ್ಟಿಯಲ್ಲಿ ಅಕ್ಷರಗಳ ಗಾತ್ರ ಒಂದೇ, ಬಣ್ಣ ಮಾತ್ರ ಮೂರು ಮೂರು ಅಕ್ಷರಕ್ಕೆ ತಿಳಿಯಾಗುತ್ತ ಹೋಗುತ್ತದೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಪೊರೆ ಬಲಿಯುವವರೆಗೆ ಕಾಯುವುದೇ ರೂಢಿಯಾಗಿತ್ತು. ಈಗಷ್ಟೇ ಕಟ್ಟತೊಡಗಿದ ಪೊರೆ, ಗೋಡೆಯ ಪಟ್ಟಿಯನ್ನು ಸರಾಗವಾಗಿ ಓದುವವನಲ್ಲೂ ಈ ಹೊಸ ಪಟ್ಟಿಯಲ್ಲಿ ಸಿಕ್ಕಿಬೀಳಬಹುದು.

ಒಂದು ಕಣ್ಣು ಮಂಜಾದರೂ ಎರಡೂ ತೆರೆದಿದ್ದಾಗ ತಿಳಿಯುವುದಿಲ್ಲ. ಅಲ್ಲದೆ ನಮ್ಮ ಎರಡು ಕಣ್ಣುಗಳಲ್ಲಿ ಒಂದು ಯಜಮಾನ. ಇಟಲಿಯ ಡೆಲ್ಲಾ ಪೋರ್ಟಾ 1593ರಲ್ಲೇ ಇದನ್ನು ಕೋಲೊಂದನ್ನು ಹಿಡಿದು ಕಂಡುಕೊಂಡ. ಹೆಬ್ಬೆರಳನ್ನು ದೂರದ ದೀಪದ ಕಂಬಕ್ಕೆ ಸರಿಯಾಗಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದು ತೆರೆದಾಗ ಬೆರಳು ಕಂಬ ಬಿಟ್ಟು ಕದಲುವುದಿಲ್ಲವೋ ಅದೇ ಯಜಮಾನ. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಅದು ಬಲಗಣ್ಣು. ಯಜಮಾನನೇ ಚುರುಕಾಗಿರಬೇಕೆಂದೇನೂ ಇಲ್ಲ (ಮನೆಗಳಲ್ಲೂ ಹಾಗೆಯೇ ಎಂದು ಗೃಹಿಣಿಯರು ನಕ್ಕಾರು). ನಲವತ್ತು ದಾಟಿದವರಿಗೆ ಕಾಂಟ್ಯಾಕ್ಟ್ ಲೆನ್ಸ್ ಕೊಡುವಾಗ ಯಜಮಾನ ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಓದಿಗೂ ಹೊಂದಿಸುವ ಪದ್ಧತಿಯುಂಟು. ಚಾಳೀಸು ತಪ್ಪುತ್ತದೆ, ಆದರೆ ಮಸುಕನ್ನು ಕಾಣುವ ಶಕ್ತಿ ಇನ್ನಷ್ಟು ತಗ್ಗುವುದರಿಂದ, ರಾತ್ರಿ ಗಾಡಿ ಓಡಿಸುವವರು ಹಾಕಿಸಿಕೊಳ್ಳುವ ಮುಂಚೆ ವೈದ್ಯರಿಗೆ ಆ ಮಾತು ಹೇಳಬೇಕು.